ಕಾಯುವ ಗುಂಪಿನ ಹುಡುಗಿ

ಫೆಬ್ರವರಿ ೩, ಸೋಮವಾರ

ಹದಿನೇಳನೆಯ ಕುಟುಂಬ ಸಿಕ್ಕಿತು. ಇನ್ನು ಏಳು ಸಿಕ್ಕಿದರೆ ನನ್ನ ಪಿಎಚ್.ಡಿ. ಅಧ್ಯಯನಕ್ಕೆ ಬೇಕಾದ ಇಪ್ಪತ್ತನಾಲ್ಕು ಭರ್ತಿ. ಶಾಲೆಗೆ ಹೋಗುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟ ಮಕ್ಕಳನ್ನು ಹುಡುಕುವುದು ಕಷ್ಟವಲ್ಲ. ಅವರ ಅಪ್ಪ ಅಮ್ಮ ಇಬ್ಬರನ್ನೂ ಒಂದೇ ದಿನ ಒಂದೇ ಕೋಣೆಗೆ ತರುವುದು ಕಷ್ಟ.

ಮಗುವಿಗೆ ಹದಿನಾಲ್ಕು ವರ್ಷ, ಹೆಣ್ಣು. ನಾಲ್ಕು ತಿಂಗಳಿಂದ ಶಾಲೆಯ ಕಡೆ ತಲೆ ಹಾಕಿಲ್ಲ. ದಿನಾ ಬೆಳಿಗ್ಗೆ ಹೊಟ್ಟೆನೋವು, ಸ್ಕ್ಯಾನಿಂಗ್ ಮಾಡಿಸಿದರೆ ಏನೂ ಇಲ್ಲ. ತಂದೆ ಲಿಫ್ಟ್ ರಿಪೇರಿ ಮಾಡುವವರು. ತಾಯಿ ಮೊದಲು ಕನ್ನಡಕದ ಅಂಗಡಿಯಲ್ಲಿದ್ದರಂತೆ, ಈಗ ಮನೆಯಲ್ಲೇ. ಮೂವರನ್ನೂ ಕ್ಯಾಮೆರಾ ಇರುವ ಕೋಣೆಯಲ್ಲಿ ಕೂರಿಸಿ ಎಲ್ಲರಿಗೂ ಕೊಡುವ ಕೆಲಸವನ್ನೇ ಕೊಟ್ಟೆ: ಮುಂದಿನ ಭಾನುವಾರ ಹೇಗೆ ಕಳೆಯುವುದು ಅಂತ ಹತ್ತು ನಿಮಿಷ ನೀವೇ ಮಾತಾಡಿ ತೀರ್ಮಾನಿಸಿ. ಪಕ್ಕದ ಕೋಣೆಯಲ್ಲಿ ಕೂತು ಲೆಕ್ಕ ಹಾಕಿದೆ. ತಂದೆ ಏಳು ನಿಮಿಷ ಮಾತಾಡಿದರು. ತಾಯಿ ಐವತ್ತು ಸೆಕೆಂಡು, ಅದರಲ್ಲೂ ಮೂರು ಸಲ "ನನಗೆ ಏನಾದ್ರೂ ಸರಿ". ಮಗು ಹನ್ನೊಂದು ಸೆಕೆಂಡು. ಕುರ್ಚಿಯನ್ನು ತಾಯಿಯ ಕಡೆಗೇ ತಿರುಗಿಸಿಕೊಂಡು ಕೂತಿತ್ತು. 'ತಾಯಿಯ ಮೇಲೆ ಅತಿಯಾದ ಅವಲಂಬನೆ' ಎಂದು ಬರೆದುಕೊಂಡೆ. ತಾಯಿಗೆ ಸಹಕಾರದ ಅಂಕ ಐದಕ್ಕೆ ಐದು. ಎಲ್ಲರೂ ಇವರಂತಿದ್ದರೆ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು.

ಆಮೇಲೆ ಕಂಪ್ಯೂಟರ್ ಚೀಟಿ ಎತ್ತಿತು. ಕಾಯುವ ಗುಂಪು. ಅರ್ಧ ಕುಟುಂಬಗಳಿಗೆ ಒಟ್ಟಿಗೆ ಕೂರಿಸಿ ಮಾತಾಡಿಸುವ ಚಿಕಿತ್ಸೆ ಕೂಡಲೇ ಶುರುವಾಗುತ್ತದೆ, ಉಳಿದರ್ಧ ಹನ್ನೆರಡು ವಾರ ಕಾಯಬೇಕು. ಎರಡನ್ನೂ ಹೋಲಿಸಿದರೆ ತಾನೇ ಚಿಕಿತ್ಸೆಯಿಂದ ಏನಾಯಿತು ಅನ್ನುವುದು ತಿಳಿಯುವುದು? ಕಾಯುವ ಮನೆಯ ಮಗುವಿಗೆ ವಾರಕ್ಕೊಂದು ಫೋನು, ಹನ್ನೊಂದು ಪ್ರಶ್ನೆ, ಅಷ್ಟೇ.

ತಂದೆಗೆ ಇದು ಹಿಡಿಸಲಿಲ್ಲ. "ಹನ್ನೆರಡು ವಾರಾನಾ? ಲಿಫ್ಟ್ ನಿಂತೋಗಿದೆ ಬಾರಪ್ಪ ಅಂದವರಿಗೆ ನಾನು ಹನ್ನೆರಡು ವಾರ ಬಿಟ್ಟು ಬರ್ತೀನಿ ಅಂದ್ರೆ ಮೆಟ್ಟಿಲ ಮೇಲೇ ಅಟ್ಟಾಡಿಸಿಕೊಂಡು ಹೊಡೀತಾರೆ ಮೇಡಂ. ಒಳಗೆ ಸಿಕ್ಕಾಕೊಂಡಿರೋದು ನಮ್ಮ ಪುಟ್ಟಿ."

ನಿಯಮ ವಿವರಿಸಿದೆ. ತಾಯಿಯೇ ಮೊದಲು ಸಹಿ ಹಾಕಿದರು.

ಫೆಬ್ರವರಿ ೬, ಗುರುವಾರ

ಹದಿನೇಳಕ್ಕೆ ಮೊದಲ ಫೋನು. ನಾಲ್ಕು ನಿಮಿಷ. ಹೂಂ, ಊಹೂಂ, ಗೊತ್ತಿಲ್ಲ. ಸಲಹೆ ಕೊಡಬಾರದು, ಸಮಾಧಾನ ಹೇಳಬಾರದು, ಪ್ರಶ್ನೆ ಬಿಟ್ಟು ಪಕ್ಕಕ್ಕೆ ಹೋಗಬಾರದು. ಒಂದನ್ನೂ ಮೀರಲಿಲ್ಲ.

ಮನೆಯಿಂದಲೇ ಮಾಡಿದ್ದರಿಂದ ಅಕ್ಕನ ಕಿವಿಗೂ ಬಿತ್ತು. ಹೊಲಿಗೆ ಮೆಷಿನ್ ನಿಲ್ಲಿಸಿ, "ನೀನು ಆ ಮಗು ಹತ್ರ ಮಾತಾಡಿದ್ಯೋ, ಹಾಜರಿ ತಗೊಂಡ್ಯೋ?" ಎಂದಳು. ಇನ್ನೂ ಏನೋ ಹೇಳುವುದಿತ್ತು ಅವಳಿಗೆ. ಆಮೇಲೆ ಹೇಳಕ್ಕ ಎಂದು ಬಾಗಿಲು ಮುಂದೆ ಮಾಡಿಕೊಂಡೆ.

ಫೆಬ್ರವರಿ ೧೩, ಗುರುವಾರ

ಇವತ್ತು ಮಗು ತಿರುಗಿ ಪ್ರಶ್ನೆ ಹಾಕಿತು.

"ನೀವು ಈಗ ಬರ್ಕೊಳ್ತಿದ್ದೀರಾ ಮಿಸ್?"

"ಹೌದು."

"ಏನಂತ?"

"ಮೂರು."

"ಮೂರು ಅಂದ್ರೆ ಒಳ್ಳೇದಾ?"

"ಅದನ್ನ ನಾನು ಹೇಳೋ ಹಾಗಿಲ್ಲ."

"ನನ್ನ ಮೂರು. ನನಗೇ ಹೇಳಲ್ಲ," ಎಂದು ನಕ್ಕಿತು. ಚುರುಕಿದೆ. ಆದರೆ ಐದನೆಯ ಪ್ರಶ್ನೆಗೆ, ಏಳನೆಯದಕ್ಕೆ, ಮತ್ತೆ ಹತ್ತನೆಯದಕ್ಕೆ "ಒಂದ್ನಿಮಿಷ, ನೋಡ್ಕೊಂಡು ಬಂದೆ" ಎಂದು ಫೋನಿಟ್ಟು ಹೋಯಿತು. ಹೋದಾಗೆಲ್ಲ ಬಾಗಿಲಿನ ಸದ್ದು, ಬರಿಗಾಲ ಸದ್ದು. 'ಗಮನ ನಿಲ್ಲುವುದಿಲ್ಲ' ಎಂದು ಬರೆದೆ. ಹತ್ತು ನಿಮಿಷದ ಕೆಲಸಕ್ಕೆ ಇಪ್ಪತ್ತೆರಡು ನಿಮಿಷ ಹಿಡಿಯಿತು.

ಫೆಬ್ರವರಿ ೨೦, ಗುರುವಾರ

ಕೆಟ್ಟ ದಿನ. ಹದಿನೆಂಟನೆಯದಾಗಬೇಕಿದ್ದ ಕುಟುಂಬ ಬಾಗಿಲ ತನಕ ಬಂದು ಜಗಳವಾಡಿಕೊಂಡು ವಾಪಸ್ ಹೋಯಿತು. ಒಂದು ಕ್ಯಾಮೆರಾ ಕೈಕೊಟ್ಟಿತು. ನಮ್ಮ ಪ್ರೊಫೆಸರಮ್ಮ (ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ) ನನ್ನ ಮೊದಲ ಅಧ್ಯಾಯವನ್ನು ಹಿಂದಕ್ಕೆ ಕೊಟ್ಟರು. "ಇದರಲ್ಲಿ ಮನುಷ್ಯರು ಎಲ್ಲಿದ್ದಾರಮ್ಮ?" ಎಂದು ಅಂಚಿನಲ್ಲಿ ಬರೆದಿದ್ದಾರೆ.

ಹದಿನೇಳರ ಫೋನು ಬೇಗ ಮುಗಿಯಿತು. ಒಂಬತ್ತನೆಯ ಪ್ರಶ್ನೆಯಲ್ಲಿ ಮಾತ್ರ ಸ್ವಲ್ಪ ಎಳೆದಾಡಿತು. "ಕಳೆದ ವಾರದಲ್ಲಿ, ಬದುಕೋದೇ ಬೇಡ ಅಂತ ಅನ್ನಿಸಿದ್ದಿದೆಯಾ?" ಎಂದು ಓದಿದೆ.

"ಯಾರಿಗೆ?"

"ನಿನಗೆ."

"ನನಗಾ... ನನಗಿಲ್ಲ."

ಸೊನ್ನೆ ಬರೆದು ಹತ್ತಕ್ಕೆ ಹೋದೆ. ಈ ವಯಸ್ಸಿನವರಿಗೆ ಪ್ರಶ್ನೆಯನ್ನು ಪ್ರಶ್ನೆ ಮಾಡುವುದೇ ಒಂದು ಆಟ. ಮುಂದಿನ ಸಲ ಓದುವಾಗ 'ನಿನಗೆ' ಎಂದು ಮೊದಲೇ ಸೇರಿಸಬೇಕು.

ಫೆಬ್ರವರಿ ೨೨, ಶನಿವಾರ

ಮಧ್ಯಾಹ್ನ ಸಂಸ್ಥೆಯಲ್ಲಿ ಒಬ್ಬಳೇ ಕೂತು ಹದಿನೇಳರ ವಿಡಿಯೊ ನೋಡಿದೆ. ಯಾರು ಯಾರನ್ನು ಎಷ್ಟು ಸಲ ನೋಡಿದರು ಎಂದು ಎಣಿಸಲು ಒಂದು ಸಲ ಸದ್ದು ನಿಲ್ಲಿಸಿ ನೋಡಬೇಕು.

ಸದ್ದಿಲ್ಲದೆ ನೋಡಿದರೆ ಅದು ಬೇರೆಯೇ ಕುಟುಂಬ. ತಂದೆ ಕೈ ಆಡಿಸುತ್ತಾರೆ, ನಗುತ್ತಾರೆ. ಹುಡುಗಿ ಹತ್ತು ನಿಮಿಷದಲ್ಲಿ ನಲವತ್ತೊಂದು ಸಲ ತಾಯಿಯನ್ನು ನೋಡಿದಳು. ತಾಯಿ ಯಾರನ್ನೂ ಒಮ್ಮೆಯೂ ನೋಡಲಿಲ್ಲ. ಮುಖದಲ್ಲಿ ನಗುವಿದೆ, ಆದರೆ ಅದು ಬಾಗಿಲಿಗೆ ನೇತುಹಾಕಿದ ಬೋರ್ಡಿನ ಹಾಗೆ ಅಲ್ಲಾಡದೆ ಇದೆ. ಎಂಟನೆಯ ನಿಮಿಷದಲ್ಲಿ ತಾಯಿ ನೀರು ಕುಡಿಯಲು ಎದ್ದರು. ಹುಡುಗಿಯೂ ಅರ್ಧ ಎದ್ದಳು. ತಾಯಿ ಕೂತ ಮೇಲೆ ಕೂತಳು. ಮಗು ತಾಯಿಯನ್ನು ಹಿಡಿದುಕೊಂಡಿರುವುದು ತಾಯಿ ಬೀಳದಿರಲಿ ಎಂದು. ತಾನು ಬೀಳುತ್ತೇನೆ ಎಂದಲ್ಲ.

ನೋಡ್ಕೊಂಡು ಬಂದೆ, ನೋಡ್ಕೊಂಡು ಬಂದೆ ಎಂದು ಅವಳು ಮೂರು ಸಲ ಎದ್ದು ಹೋಗಿದ್ದು ಏನನ್ನು ನೋಡಲು?

"ಯಾರಿಗೆ?" ಎಂದು ಕೇಳಿದ್ದು ಆಟವಲ್ಲ.

ಇಷ್ಟು ಬರೆದ ಮೇಲೆ ಅನುಮಾನ ಬರುತ್ತಿದೆ. ತಾಯಿ ನನ್ನ ಅಧ್ಯಯನದ ವ್ಯಕ್ತಿಯಲ್ಲ, ಅವರಿಗೆಂದು ಪ್ರಶ್ನೆಗಳೇ ಇಲ್ಲ. ಗುರುವಾರ ಬಿಟ್ಟು ಬೇರೆ ದಿನ ಫೋನ್ ಮಾಡಿದರೆ ಈ ಕುಟುಂಬವನ್ನು ಲೆಕ್ಕದಿಂದ ಬಿಡಬೇಕಾಗುತ್ತದೆ. ಒಂದು ಮೂಕ ವಿಡಿಯೊ ನೋಡಿ ಇಷ್ಟೆಲ್ಲ ಕಲ್ಪಿಸಿಕೊಳ್ಳುವುದು ಸರಿಯೇ? ಸೋಮವಾರ ಪ್ರೊಫೆಸರಮ್ಮನನ್ನು ಕೇಳುತ್ತೇನೆ.

ಫೆಬ್ರವರಿ ೨೩, ಭಾನುವಾರ

ಏನೂ ಮಾಡಲಿಲ್ಲ. ಎರಡು ಸಲ ಫೋನ್ ಕೈಗೆತ್ತಿಕೊಂಡು ಇಟ್ಟೆ.

ಫೆಬ್ರವರಿ ೨೪, ಸೋಮವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಪ್ರೊಫೆಸರಮ್ಮ ಬ್ಯಾಗ್ ಕೆಳಗಿಡುವ ಮೊದಲೇ ಎಲ್ಲ ಹೇಳಿದೆ. ವಿಡಿಯೊವನ್ನು ಮೂರು ನಿಮಿಷ ನೋಡಿದರು. "ಇದು ನಿನಗೆ ಯಾವಾಗ ಕಂಡಿದ್ದು?"

"ಶನಿವಾರ."

"ನಿನ್ನೆ ಒಂದು ದಿನ ಇತ್ತಲ್ಲ?"

ಉತ್ತರಕ್ಕೆ ಕಾಯದೆ ಅವರು ಟೇಬಲ್ ಮೇಲಿದ್ದ ಫೋನನ್ನು ನನ್ನ ಕಡೆ ತಳ್ಳಿದರು.

ಹುಡುಗಿಯೇ ಎತ್ತಿದಳು. "ಇವತ್ತು ಗುರುವಾರ ಅಲ್ವಲ್ಲ ಮಿಸ್?"

"ಅಲ್ಲ. ಹೋದ ಸಲ ನೀನು 'ಯಾರಿಗೆ' ಅಂತ ಕೇಳಿದೆ. ನಾನು ಅಲ್ಲೇ ನಿಂತು ಕೇಳಿಸ್ಕೋಬೇಕಿತ್ತು, ಮುಂದೆ ಹೋಗ್ಬಿಟ್ಟೆ. ಈಗ ಕೇಳ್ತಿದ್ದೀನಿ. ಯಾರಿಗೆ ಅನ್ನಿಸ್ತಿದೆ?"

ದೂರದಲ್ಲಿ ಪಾತ್ರೆ ತೊಳೆಯುವ ಸದ್ದು.

"ಇದನ್ನೂ ಬರ್ಕೊಳ್ತೀರಾ?"

"ಇಲ್ಲ. ಪೆನ್ ಕೆಳಗಿಟ್ಟಿದ್ದೀನಿ."

ಆಗ ಪಿಸುದನಿಯಲ್ಲಿ ಹೇಳಿದಳು. ಅಕ್ಟೋಬರಿನಲ್ಲಿ ಒಂದು ದಿನ ಜ್ವರ ಬಂದು ಶಾಲೆಯಿಂದ ಬೇಗ ಬಂದಳಂತೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಏನೋ ಬರೆಯುತ್ತಿದ್ದಳು. ಅಪ್ಪನ ಬಿ.ಪಿ. ಮಾತ್ರೆ ಯಾವಾಗ, ಚಳಿಗಾಲದ ಬಟ್ಟೆ ಯಾವ ಪೆಟ್ಟಿಗೆಯಲ್ಲಿ, ಗ್ಯಾಸ್ ಮುಗಿದರೆ ಯಾರಿಗೆ ಹೇಳಬೇಕು, ಪುಟ್ಟಿಗೆ ಯಾವ ಔಷಧಿ ಆಗಿಬರುವುದಿಲ್ಲ. ಎರಡು ಹಾಳೆ. "ಯಾಕಮ್ಮ ಇದೆಲ್ಲ?" ಎಂದರೆ "ನಾನಿಲ್ಲದಿದ್ರೂ ನಿಮಗೆ ಗೊತ್ತಾಗ್ಲಿ ಅಂತ" ಎಂದು, ಹುಡುಗಿಯ ಹಣೆ ಮುಟ್ಟಿ ನೋಡಿ, ಗಂಜಿ ಮಾಡಲು ಎದ್ದಳಂತೆ.

"ಮಾರನೇ ದಿನದಿಂದ ಹೊಟ್ಟೆನೋವು ಅಂದೆ ಮಿಸ್. ಸುಳ್ಳು ಹೇಳ್ದೆ. ಆದ್ರೆ ಈಗೀಗ ನಿಜವಾಗ್ಲೂ ನೋಯುತ್ತೆ."

ನಾಲ್ಕು ತಿಂಗಳು. ಹದಿನಾಲ್ಕು ವರ್ಷದ ಹುಡುಗಿ ನಾಲ್ಕು ತಿಂಗಳಿಂದ ಒಬ್ಬಳೇ ಕಾವಲು ಕೂತಿದ್ದಾಳೆ. ನಾವೆಲ್ಲ ಸೇರಿ ಅವಳ ಹೊಟ್ಟೆ ಸ್ಕ್ಯಾನ್ ಮಾಡಿಸಿದೆವು.

"ಅಮ್ಮಂಗೆ ಹೇಳ್ಬೇಡಿ. ಪ್ಲೀಸ್."

"ಹೇಳದೆ ಇರೋಕಾಗಲ್ಲ. ಇದನ್ನ ನೀನು ಒಬ್ಬಳೇ ಹೊರೋ ಹಾಗಿಲ್ಲ. ನಿನ್ನ ಬೆನ್ನ ಹಿಂದೆ ಹೇಳಲ್ಲ, ಅಲ್ಲಿಗೇ ಬರ್ತೀವಿ."

"ಪೆನ್ ಕೆಳಗಿಟ್ಟಿದ್ದೀನಿ ಅಂದ್ರಲ್ಲ ಮತ್ತೆ!" ಫೋನ್ ಕಟ್ಟಾಯಿತು.

ತಂದೆಗೆ ಫೋನ್ ಮಾಡಿ, ನಾನೂ ಪ್ರೊಫೆಸರಮ್ಮನೂ ಹೊರಟೆವು. ಮೂರನೆಯ ಮಹಡಿ. ತಾಯಿ ಅದೇ ನಗುವಿನಿಂದ ಬಾಗಿಲು ತೆರೆದು, ಕೂತ್ಕೊಳ್ಳಿ, ಟೀ ಮಾಡ್ತೀನಿ ಎಂದರು. ಮನೆ ಕನ್ನಡಿಯಂತಿತ್ತು, ಒಂದು ಚಪ್ಪಲಿಯೂ ಸೊಟ್ಟಗಿರಲಿಲ್ಲ. ಹುಡುಗಿ ನನ್ನನ್ನು ನೋಡಿದ ಕೂಡಲೇ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

"ಪುಟ್ಟಿ ವಿಷಯಕ್ಕೆ ಬಂದ್ರಾ?"

"ಇಲ್ಲಮ್ಮ, ನಿಮ್ಮ ವಿಷಯಕ್ಕೆ," ಎಂದರು ಪ್ರೊಫೆಸರಮ್ಮ. ನಂತರ ಎಳ್ಳಷ್ಟೂ ಸುತ್ತಿಬಳಸದೆ, ಸಾಯಬೇಕು ಅನ್ನಿಸುತ್ತದೆಯೇ ಎಂದು ಕೇಳಿದರು. ಮಳೆ ಬಂತಾ ಎಂದು ಕೇಳುವಷ್ಟು ಸಹಜವಾಗಿ.

ತಾಯಿ ಮಡಚಿಟ್ಟಿದ್ದ ಟವೆಲನ್ನು ಬಿಡಿಸಿ ಮತ್ತೆ ಮಡಚಿದರು. ಮತ್ತೆ ಬಿಡಿಸಿದರು. "ದಿನಾ," ಎಂದರು. "ಬೆಳಿಗ್ಗೆ ಎಚ್ಚರ ಆದ ಕೂಡ್ಲೇ. ಆಮೇಲೆ ಇವಳು ಮನೇಲೇ ಇರ್ತಾಳಲ್ಲ, ತಿಂಡಿ ಮಾಡ್ಬೇಕಲ್ಲ ಅಂತ ಏಳ್ತೀನಿ."

ತಂದೆ ಯಾವಾಗ ಬಂದರೋ ಗೊತ್ತಾಗಲಿಲ್ಲ. ಗ್ರೀಸ್ ಹತ್ತಿದ ಕೈಯಲ್ಲಿ ಟೂಲ್ಸ್ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಮೋಟಾರ್ ಸದ್ದು ಒಂಚೂರು ಬದಲಾದ್ರೆ ಕೆಳಗೆ ನಿಂತೇ ಹೇಳ್ಬಿಡ್ತೀನಿ ನಾನು," ಎಂದರು. ಚೀಲ ಕೆಳಗಿಟ್ಟು ಹೆಂಡತಿಯ ಪಕ್ಕ ನೆಲದ ಮೇಲೆ ಕೂತರು.

ಸಂಜೆಯೊಳಗೆ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದೆವು. ತೀವ್ರ ಖಿನ್ನತೆ, ಕೆಲವು ವಾರ ಒಳಗೇ ಇರಲಿ ಎಂದರು ಮನೋವೈದ್ಯರು. ಹುಡುಗಿ ಕಾರಿಡಾರಿನಲ್ಲಿ ನನ್ನ ಪಕ್ಕದಲ್ಲೇ ಹಾದು ಹೋದಳು, ಗೋಡೆಯ ಪಕ್ಕ ಹೋಗುವ ಹಾಗೆ.

ಫೆಬ್ರವರಿ ೨೭, ಗುರುವಾರ

ಹದಿನೇಳನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಹದಿನಾರು.

ಫೋನ್ ಮಾಡುವ ಹೊತ್ತಿಗೆ ಫೋನಿನ ಮುಂದೆ ಕೂತಿದ್ದೆ, ಮಾಡಲು ಕರೆ ಇರಲಿಲ್ಲ.

ಮಾರ್ಚ್ ೫, ಬುಧವಾರ

ತಂದೆ ಫೋನ್ ಮಾಡಿದ್ದರು. ಪುಟ್ಟಿ ಬೆಳಗಿನಿಂದ ಸಂಜೆ ತನಕ ಆಸ್ಪತ್ರೆಯಲ್ಲೇ ಇರುತ್ತಾಳಂತೆ. ನರ್ಸ್ ಮಾತ್ರೆ ಕೊಟ್ಟರೆ ಅಮ್ಮನ ಬಾಯಿ ತೆರೆಸಿ ನುಂಗಿದ್ದಾಳಾ ಎಂದು ನೋಡುತ್ತಾಳಂತೆ. "ಶಾಲೆ ಅಂದ್ರೆ ನನ್ನನ್ನೇ ತಿಂದುಬಿಡೋ ಹಾಗೆ ನೋಡ್ತಾಳೆ ಮೇಡಂ. ನಿಮ್ಮ ಹೆಸರೆತ್ತಿದ್ರಂತೂ ಮುಗೀತು."

ಅಧ್ಯಯನದ ಹೊರಗೆ ಈ ಕುಟುಂಬವನ್ನು ತಾವೇ ನೋಡುವುದಾಗಿ ಪ್ರೊಫೆಸರಮ್ಮ ಹೇಳಿದರು. ಜೊತೆಯಲ್ಲಿ ನಾನು ಕೂರಬೇಕಂತೆ. "ಅವಳು ನನ್ನ ಮುಖ ನೋಡಲ್ಲ," ಎಂದೆ. "ಅದಕ್ಕೇ ಕೂರು," ಎಂದರು.

ಮಾರ್ಚ್ ೧೩, ಗುರುವಾರ

ಮೊದಲ ಭೇಟಿ. ತಾಯಿ ಇನ್ನೂ ಆಸ್ಪತ್ರೆಯಲ್ಲಿ, ಹಾಗಾಗಿ ಅಲ್ಲಿಯ ಸಣ್ಣ ಕೋಣೆಯೊಂದರಲ್ಲಿ ಪುಟ್ಟಿ ಮತ್ತು ನಾವಿಬ್ಬರೇ.

"ಇವರ ಹತ್ರ ನಾನು ಮಾತಾಡಲ್ಲ," ಎಂದಳು ನನ್ನತ್ತ ಬೆರಳು ಕೂಡ ತೋರಿಸದೆ.

"ಬೇಡ," ಎಂದೆ. "ನಾನು ಹೇಳೋದು ಎರಡೇ ಮಾತು. ನೀನು ಗುರುವಾರ ಹೇಳಿದ್ದೆ, ನಾನು ಬಂದಿದ್ದು ಸೋಮವಾರ. ನಾಲ್ಕು ದಿನ ತಡ ಮಾಡಿದೆ, ಅದು ನನ್ನ ತಪ್ಪು, ಕ್ಷಮೆ ಕೇಳ್ತೀನಿ. ಅಮ್ಮಂಗೆ ಹೇಳಿದ್ದಕ್ಕೆ ಕೇಳಲ್ಲ. ಅದು ತಪ್ಪಲ್ಲ."

ಗೋಡೆ ನೋಡುತ್ತಾ ಕೂತಳು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನೋಡಲು ಮರೆತೆ.

"ಆ ನಾಲ್ಕು ದಿನ ನಾನು ಬಾಗಿಲ ಹತ್ರಾನೇ ಮಲಗಿದ್ದೆ," ಎಂದಳು ಕೊನೆಗೆ. "ನೀವು ಬಂದ ದಿನ ಮನೆಗೆ ಹೋಗಿ ಹನ್ನೆರಡು ಗಂಟೆ ನಿದ್ದೆ ಮಾಡಿದೆ. ಅದಕ್ಕೇ ನಿಮ್ಮ ಮೇಲೆ ಸಿಟ್ಟು."

"ನಿದ್ದೆ ಬಂದಿದ್ದಕ್ಕಾ?"

"ಅಮ್ಮ ಆಸ್ಪತ್ರೇಲಿ ಇರ್ಬೇಕಾದ್ರೆ ಹಾಯಾಗಿ ನಿದ್ದೆ ಮಾಡಿದ್ನಲ್ಲ!"

ಅತ್ತಳು. ನನ್ನ ಹತ್ತಿರ ಮಾತಾಡುವುದಿಲ್ಲ ಎಂದದ್ದು ಮರೆತೇಹೋಗಿತ್ತು ಅವಳಿಗೆ.

ಮಾರ್ಚ್ ೨೬, ಬುಧವಾರ

ತಾಯಿ ಮನೆಗೆ ಬಂದು ಒಂದು ವಾರ. ಇವತ್ತು ಮೂವರೂ ಬಂದರು. ತಾಯಿ ತೆಳ್ಳಗಾಗಿದ್ದಾರೆ, ಮಾತು ನಿಧಾನ. ಆ ನಗು ಮಾತ್ರ ಹೋಗಿದೆ, ದಣಿದ ಮುಖ ದಣಿದ ಹಾಗೇ ಕಾಣುತ್ತದೆ. ನನಗೆ ಅದೇ ಎಷ್ಟೋ ವಾಸಿ ಎನಿಸಿತು.

ಮಗಳಿಗೆ ಹೇಳಬೇಕಾದದ್ದನ್ನು ಅವರು ಆಸ್ಪತ್ರೆಯಲ್ಲೇ ಯೋಚಿಸಿಟ್ಟುಕೊಂಡಿದ್ದರು. "ಪುಟ್ಟಿ, ನನ್ನ ಕಾಯೋದು ನಿನ್ನ ಕೆಲಸ ಅಲ್ಲ ಕಣಮ್ಮ."

"ಮತ್ತೆ ಯಾರ ಕೆಲಸ?"

"ನಂದು," ಎಂದರು ತಂದೆ. "ಡಾಕ್ಟರದ್ದು. ಅಮ್ಮಂದೂ ಕೂಡ."

"ನಿಮಗೆ ಗೊತ್ತಾಗಲ್ಲಪ್ಪ. ಅವತ್ತೂ ಗೊತ್ತಾಗ್ಲಿಲ್ಲ."

ಆ ಮಾತು ನೆಟ್ಟಗೆ ಹೋಗಿ ತಂದೆಗೆ ತಗುಲಿತು. ಬೇರೆಯವರಾಗಿದ್ದರೆ ರೇಗುತ್ತಿದ್ದರು, ಇಲ್ಲವೇ ಅಳುತ್ತಿದ್ದರು. ಇವರು ಶರ್ಟಿನ ಜೇಬಿನಿಂದ ಕೆಲಸದ ಸಣ್ಣ ಪುಸ್ತಕ ತೆಗೆದರು. "ಸರಿ ಹಾಗಾದ್ರೆ. ನಮ್ಮಲ್ಲಿ ಒಬ್ಬರು ಪಾಳಿ ಮುಗಿಸಿ ಹೋಗ್ಬೇಕಾದ್ರೆ ಇನ್ನೊಬ್ಬರಿಗೆ ಎಲ್ಲ ಹೇಳಿ ಹೋಗ್ತೀವಿ, ಎಲ್ಲಿ ಏನು ಸದ್ದು ಬರ್ತಿದೆ, ಯಾವುದರ ಮೇಲೆ ಕಣ್ಣಿಡಬೇಕು ಅಂತ. ನಿನ್ನ ಪಾಳಿ ಮುಗೀತು. ನನಗೆ ಹೇಳಿಕೊಡು."

ಪುಟ್ಟಿ ಅಮ್ಮನನ್ನು ನೋಡಿದಳು. ತಾಯಿ ಹೇಳು ಎನ್ನುವಂತೆ ತಲೆಯಾಡಿಸಿದರು.

"ಗುನುಗೋದು ನಿಲ್ಸಿದ್ರೆ," ಎಂದು ಶುರುಮಾಡಿದಳು. "ಒಂದೇ ಪಾತ್ರೆ ಎರಡು ಸಲ ತೊಳೆದ್ರೆ. ನಿಮ್ಮ ಜೋಕಿಗೆ ಜಾಸ್ತಿ ನಕ್ಕರೆ, ಯಾಕಂದ್ರೆ ನಿಮ್ಮ ಜೋಕು ಅಷ್ಟೇನೂ ಚೆನ್ನಾಗಿರಲ್ಲ."

"ಬರ್ಕೊಂಡೆ."

"ಮಧ್ಯಾಹ್ನ ಮೂರರಿಂದ ನಾಲ್ಕು ತುಂಬಾ ಕಷ್ಟ. ಆಗ ಒಬ್ಬಳೇ ಬಿಡಬಾರ್ದು. ಮಾತಾಡಿಸೋಕೆ ಹೋಗಬಾರ್ದು, ಸುಮ್ನೆ ಅಲ್ಲೇ ಏನಾದ್ರೂ ಮಾಡ್ತಾ ಇರ್ಬೇಕು. ತಲೆನೋವು ಅಂದ್ರೆ ತಲೆನೋವಲ್ಲ. ಎಲ್ಲಾದಕ್ಕೂ 'ಏನಾದ್ರೂ ಸರಿ' ಅಂದ್ರೆ ಸರಿಯಿಲ್ಲ ಅಂತ."

ತಂದೆ ಬರೆಯುತ್ತಲೇ ಇದ್ದರು, ದೊಡ್ಡ ದೊಡ್ಡ ಅಕ್ಷರ, ಒಂದು ಪುಟ ತುಂಬಿ ಇನ್ನೊಂದಕ್ಕೆ. ತಾಯಿ ಬಾಯಿಗೆ ಸೆರಗು ಒತ್ತಿಕೊಂಡು ಕೇಳುತ್ತಿದ್ದರು. "ಇಷ್ಟೆಲ್ಲ ನೋಡಿದ್ಯಾ ನೀನು?" ಎಂದರು. "ನನಗೇ ಗೊತ್ತಿರ್ಲಿಲ್ಲವಲ್ಲೇ, ಮೂರರಿಂದ ನಾಲ್ಕು ಅಂತ."

"ಮೂರು ಗಂಟೆಗೆ ನಾನೇ ಮನೆಗೆ ಬರ್ತೀನಿ," ಎಂದರು ತಂದೆ. "ಸಾಹೇಬರ ಹತ್ರ ಮಾತಾಡ್ತೀನಿ. ಆಗದ ದಿನ ನಿನ್ನ ಚಿಕ್ಕಮ್ಮ ಬರ್ತಾಳೆ, ಸಹಾಯಕ್ಕೆ ಬರ್ತೀಯಾ ಅಂತ ಅವಳನ್ನ ನಿನ್ನೆ ದಿನವೇ ಕೇಳಿದ್ದೀನಿ."

ಪುಟ್ಟಿ ಆ ಪುಸ್ತಕ ಇಸಿದುಕೊಂಡು ಓದಿ, ಎರಡು ಕಡೆ ತಿದ್ದಿ ವಾಪಸ್ ಕೊಟ್ಟಳು.

ಏಪ್ರಿಲ್ ೫, ಶನಿವಾರ

ರಜೆ. ಅಕ್ಕ ಹೊಲಿಗೆ ನಿಲ್ಲಿಸಬೇಕೆಂದಿದ್ದಾಳೆ. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣಿಸುತ್ತಿಲ್ಲವಂತೆ, ಒಂದು ವರ್ಷವಾಯಿತಂತೆ. ಆ ಕೆಲಸವನ್ನು ಬಿಸಿಲಿರುವಾಗ ಮಾತ್ರ, ಕಿಟಕಿಯ ಹತ್ತಿರ ಕೂತು ಮಾಡುತ್ತಿದ್ದಳಂತೆ. ಒಂದೇ ಮನೆಯಲ್ಲಿದ್ದೇವೆ. ಮೊದಲ ಸಲ ಹೊಲಿದ ಅಂಗಿಗೆ ಎರಡೂ ತೋಳು ಎಡಗೈಯದೇ ಇಟ್ಟಿದ್ದಳಂತೆ, ಅದನ್ನು ತೊಟ್ಟು ತಿರುಗಿದ್ದು ನಾನೇ ಅಂತೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಿಲ್ಲಿಸಿದ ಮೇಲೆ ಏನು ಮಾಡುವುದು ಅಂತ ಹೆದರಿಕೆಯಿದೆ ಅವಳಿಗೆ. ನಾನು ಉಪಾಯ ಹೇಳಲು ಹೋಗಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಜೊತೆಗೆ ಬರುತ್ತೇನೆ ಎಂದೆ.

ಎರಡನೆಯ ಅಧ್ಯಾಯ ಬರೆಯಬೇಕು ಎಂದುಕೊಂಡಿದ್ದೆ, ಊಟದ ಹೊತ್ತಾಗಿಬಿಟ್ಟಿತ್ತು.

ಏಪ್ರಿಲ್ ೨೪, ಗುರುವಾರ

ಅವರ ಶಾಲೆಯಲ್ಲಿ ಹೊಸ ವರ್ಷದ ತರಗತಿ ಏಪ್ರಿಲಿನಲ್ಲೇ ಶುರು. ಪುಟ್ಟಿ ಸೋಮವಾರ ಶಾಲೆಗೆ ಹೋಗಿದ್ದಳು. ಎರಡು ಪೀರಿಯಡ್ ಕೂತು ಬಂದಳು. ಮಂಗಳವಾರ ಹೋಗಲಿಲ್ಲ. ನಿನ್ನೆ ಮತ್ತೆ ಹೋಗಿ ಮಧ್ಯಾಹ್ನದವರೆಗೆ ಇದ್ದಳು.

ತಾಯಿ ಪೂರ್ತಿ ಗುಣವಾಗಿಲ್ಲ. ಕೆಲವು ಬೆಳಿಗ್ಗೆ ಏಳಲು ಆಗುವುದಿಲ್ಲ ಎಂದು ಅವರೇ ಬಾಯಿಬಿಟ್ಟು ಹೇಳುತ್ತಾರೆ. ಹೇಳುತ್ತಾರೆ ಅನ್ನುವುದೇ ಸದ್ಯಕ್ಕೆ ದೊಡ್ಡದು ಎಂದರು ಪ್ರೊಫೆಸರಮ್ಮ.

ಸೋಮವಾರದ ಕಥೆಯನ್ನು ಪುಟ್ಟಿ ದೂರು ಕೊಡುವ ಹಾಗೆ ಹೇಳಿದಳು. "ಗೇಟಿನ ತನಕ ಅಮ್ಮ ಬಂದ್ಲು. ಒಳಗೆ ಹೋಗಿ ತಿರುಗಿ ನೋಡಿದ್ರೆ ಇಲ್ಲ! ಹೊರಟೇಹೋಗಿದ್ಲು. ಒಂದು ಸಲ ಕೈ ಬೀಸೋದು ಕೂಡ ಇಲ್ಲ."

"ಹೆದರಿಕೆ ಆಯ್ತಾ?" ಎಂದು ಕೇಳಿದೆ.

"ಆಗುತ್ತೆ ಅಂದ್ಕೊಂಡಿದ್ದೆ. ಬರೀ ಸಿಟ್ಟು ಬಂತು. ಆ ಸಿಟ್ಟಲ್ಲೇ ಕ್ಲಾಸಿಗೆ ಹೋದೆ."

ತಾಯಿ ಬ್ಯಾಗಿನ ಹಿಡಿ ತಿರುಚುತ್ತಾ ಕೂತಿದ್ದರು. "ಹೋಗಿರ್ಲಿಲ್ಲ ಕಣೇ," ಎಂದರು. "ಝೆರಾಕ್ಸ್ ಅಂಗಡಿ ಪಕ್ಕ ನಿಂತಿದ್ದೆ. ನೀನು ಮೆಟ್ಟಿಲು ಹತ್ತೋದು ಕಾಣ್ತಿತ್ತು. ಬೆಲ್ ಹೊಡೆದ ಮೇಲೂ ನಿಂತಿದ್ದೆ. ನಿನ್ನ ಶೂ ಲೇಸ್ ಬಿಚ್ಚಿಹೋಗಿತ್ತು, ಕೂಗಿ ಹೇಳೋಣ ಅನ್ನಿಸ್ತು. ಎಲ್ಲರ ಮುಂದೆ ಕೂಗಿದ್ರೆ ನಿನಗೆ ನಾಚಿಕೆ ಆಗ್ಬಹುದು ಅಂತ ಸುಮ್ನಾದೆ."

"ನೋಡಿದ್ಯಾ? ನೋಡಿನೂ ಹೇಳ್ಲಿಲ್ವಾ? ಆ ಲೇಸ್ ತುಳಿದೇ ನಾನು ಕ್ಲಾಸ್ ಬಾಗಿಲಲ್ಲಿ ಎಲ್ಲರೆದುರು ಎಡವಿದ್ದು!"

ಮೊದಲು ನಕ್ಕಿದ್ದು ತಂದೆ. ಆಮೇಲೆ ತಾಯಿ, ಪಕ್ಕೆ ಹಿಡಿದುಕೊಂಡು, ಸದ್ದು ಮಾಡಿ. ಪುಟ್ಟಿ ನಗಲಿಲ್ಲ. ಅವಳಿಗೆ ನಿಜವಾಗಿಯೂ ಕೋಪ ಬಂದಿತ್ತು. ಮನೆಗೆ ಹೋಗುವ ತನಕ ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಅಮ್ಮನಿಗೆ ಹೇಳಿ ಮುಂದೆ ಮುಂದೆ ನಡೆದಳು. ಬಾಗಿಲು ದಾಟುವಷ್ಟರಲ್ಲಿ ಅವಳ ಮಾತು ಮತ್ತೆ ಶುರುವಾಯಿತು: ಲೇಸ್ ವಿಷಯ, ಆ ನಕ್ಕ ಹುಡುಗಿಯರ ವಿಷಯ, ಹೊಸ ಶೂ ಬೇಕೇಬೇಕು ಎನ್ನುವ ವಿಷಯ. ಕಾರಿಡಾರಿನ ಕೊನೆಯವರೆಗೂ ಕೇಳುತ್ತಲೇ ಇತ್ತು.